ಚಿಟ್ಟೆ ಬೇಕು, ಹುಳು ಬೇಡವೇ?

ಮಕ್ಕಳೇ, ಚಿಟ್ಟೆಗಳು ಬರಲಿ ಎಂದು ಶಾಲೆಯ ಕೈತೋಟದಲ್ಲಿ ಹೂಗಿಡ ನೆಡುತ್ತೇವೆ. ಎಲೆ ತಿನ್ನುವ ಹುಳು ಕಂಡರೆ ಮಾತ್ರ ಹೊಸಕಿ ಹಾಕುತ್ತೇವೆ. ಇದು ಸರಿಯೇ?

ವಂಡ್ಸೆಯಂಥ ನಮ್ಮ ಊರುಗಳಲ್ಲಿ ‘ಕಾಮನ್ ಲೆಪರ್ಡ್’ ಎಂಬ ಚಿಟ್ಟೆಯಿದೆ. ಕಿತ್ತಳೆ ಬಣ್ಣದ ರೆಕ್ಕೆ, ಮೇಲೆ ಚಿರತೆಗಿರುವಂತೆ ಕಪ್ಪು ಚುಕ್ಕೆ. ಮಕರಂದಕ್ಕೆ ಅದು ಹಲವು ಹೂಗಳಿಗೆ ಹೋಗುತ್ತದೆ. ಮೊಟ್ಟೆಯಿಡಲು ಮಾತ್ರ ಹೆಚ್ಚಾಗಿ ಹಣ್ಣುಸಂಪಿಗೆಯ ಬಳಗದ ಗಿಡಗಳನ್ನೇ ಹುಡುಕುತ್ತದೆ. ಮರಿಹುಳುವಿನ ಊಟ ಆ ಎಲೆ. ಬೇಲಿಯ ಗಿಡಗಳನ್ನೆಲ್ಲ ಸವರಿದರೆ ಮರಿಹುಳು ಏನು ತಿನ್ನಬೇಕು?

ಇದರ ದೂರದ ನೆಂಟ ಅಮೆರಿಕದ ‘ಒರೆಗಾನ್ ಸಿಲ್ವರ್‌ಸ್ಪಾಟ್’. ಇದು ಪೆಸಿಫಿಕ್ ಕರಾವಳಿಯ ಹುಲ್ಲುಗಾವಲಿನಲ್ಲಿರುವ ಒಂದು ಉಪಜಾತಿ. ಇದರ ಮರಿಹುಳು ತಿನ್ನುವುದು ಪುಟ್ಟ ವಯೊಲೆಟ್ ಗಿಡದ ಎಲೆ. ಮನೆಗಳು ಎದ್ದು ಹುಲ್ಲುಗಾವಲು ಕಿರಿದಾಯಿತು. ಉಳಿದ ಕಡೆ ಪೊದೆ ಹಬ್ಬಿತು. ವಯೊಲೆಟ್ ಕಡಿಮೆಯಾಯಿತು, ಚಿಟ್ಟೆಯೂ ಕಡಿಮೆಯಾಯಿತು. 1980ರಲ್ಲಿ ಅಲ್ಲಿನ ಸರಕಾರ ಅದನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಮೃಗಾಲಯಗಳಲ್ಲಿ ಮರಿಹುಳು ಸಾಕಿ ಹುಲ್ಲುಗಾವಲಿಗೆ ಬಿಡಬೇಕಾಯಿತು.

ನಮಗೆ ಅಷ್ಟು ಕಷ್ಟವಿಲ್ಲ. ಬೇಲಿಯ ಗಿಡಗಳು ಇನ್ನೂ ಇವೆ. “ಹುಳು ಬಿಟ್ಟರೆ ಗಿಡ ಹಾಳು” ಎಂದು ಹಿರಿಯರು ಹೇಳಬಹುದು. ತರಕಾರಿ ಸಾಲಿನ ಮಟ್ಟಿಗೆ ಆ ಮಾತು ನಿಜ. ಆದರೆ ನಾಲ್ಕು ಎಲೆ ಕಳೆದುಕೊಂಡ ಕರಿಬೇವು ಮತ್ತೆ ಚಿಗುರುತ್ತದೆ. ಆದ್ದರಿಂದ ಶ್ರಮದಾನದ ದಿನ ಬೇಲಿಯ ಒಂದು ಮೂಲೆಯನ್ನಾದರೂ ಕತ್ತಿಯಿಂದ ಉಳಿಸೋಣ. ಅಲ್ಲಿನ ಯಾವ ಗಿಡದಲ್ಲಿ ಯಾವ ಹುಳು ಇದೆ ಎಂದು ಮುಟ್ಟದೆ ನೋಡಿ, ದಿನಾಂಕ ಹಾಕಿ ಬರೆದಿಡಿ. ಹುಳುವಿಗೆ ಜಾಗ ಕೊಟ್ಟ ತೋಟವೇ ನಿಜವಾದ ಚಿಟ್ಟೆ ತೋಟ.