ಹಳೇ ಜೀಪಿನ ಟ್ಯಾಂಕಿಗೆ ಏನು ಹಾಕಬೇಕು ಅನ್ನೋದು ಜೀಪಿನವನ ಹಕ್ಕು

ಎಥೆನಾಲ್ ಬೆರೆಸಿದ ಪೆಟ್ರೋಲಿನ ಬಗ್ಗೆ ಒಂದು ಮಾತಾಡಿದ್ರೆ ಸಾಕು, "ನೀನು ರೈತ ಅಲ್ವಾ? ಮೆಕ್ಕೆಜೋಳ ಹಾಕಲ್ವಾ? ನಿನಗೇ ಲಾಭ ಆಗೋದನ್ನ ನೀನೇ ಬೈತೀಯಲ್ಲ" ಅಂತ ಕೇಳೋರು ಜಾಸ್ತಿ ಆಗಿದಾರೆ. ಹೌದು ಕಣ್ರಪ್ಪ, ರೈತನೇ. ಮೆಕ್ಕೆಜೋಳಾನೂ ಹಾಕ್ತೀನಿ, ಹಳೇ ಜೀಪೂ ಇಟ್ಕೊಂಡಿದೀನಿ. ಎರಡೂ ಇರೋದಕ್ಕೇ ಇದನ್ನ ಬರೀತಿರೋದು.

ಇನ್ನೊಂದು ಕಡೆ ನಮ್ಮ ಹುಡುಗರು. ಮೊಬೈಲಲ್ಲಿ ಅಮೆರಿಕದ ಹಳೇ ಮಸಲ್ ಕಾರುಗಳ ವಿಡಿಯೋ ತೋರಿಸಿ, "ನೋಡಿ, ಅರವತ್ತು ವರ್ಷದ ಗಾಡಿ, 85 ಪರ್ಸೆಂಟ್ ಎಥೆನಾಲಲ್ಲಿ ಹೆಂಗೆ ಹಾರ್ತಿದೆ. ನಿಮ್ಮ ಜೀಪಿಗೆ 20 ಪರ್ಸೆಂಟ್ ಹಾಕಿದ್ರೆ ಏನು ಸಾಯುತ್ತಾ?" ಅಂತಾರೆ. ಪ್ರಶ್ನೆ ಸರಿಯಾಗೇ ಇದೆ. ಉತ್ತರ ಮಾತ್ರ ಅವರು ಅಂದ್ಕೊಂಡ ಹಾಗಿಲ್ಲ.

ನಾನು ಹೇಳೋದು ಇಷ್ಟೇ. ಹಳೇ ಗಾಡಿ ಬದಲಿ ಇಂಧನದಲ್ಲಿ ಓಡುತ್ತೆ, ಚೆನ್ನಾಗೇ ಓಡುತ್ತೆ. ಆದರೆ ಇಂಧನ ಆ ಇಂಜಿನ್ನಿಗೆ ಹೊಂದಬೇಕು, ಮತ್ತೆ ಅದನ್ನ ಆರಿಸೋನು ಗಾಡಿ ಸಾಕ್ತಿರೋನೇ ಆಗಿರಬೇಕು. ಈಗ ನಮಗೆ ಸಿಗ್ತಿರೋದರಲ್ಲಿ ಎರಡೂ ಇಲ್ಲ.

ಮೊದಲು ಅಮೆರಿಕದ ಕಥೆ ನೋಡಣ. 1964ರಲ್ಲಿ ಬಂದ ಪಾಂಟಿಯಾಕ್ ಜಿಟಿಒ ಥರದ ಗಾಡಿಗಳು, ಎಂಟು ಸಿಲಿಂಡರ್, ಕಂಪ್ರೆಷನ್ ಅನುಪಾತ ಹತ್ತರ ಮೇಲೆ. ಆ ಕಾಲದ ಸೀಸ ಬೆರೆಸಿದ ದುಬಾರಿ ಪೆಟ್ರೋಲಿಗೆ ಅಂತಲೇ ಮಾಡಿದ ಇಂಜಿನ್. ಆಮೇಲೆ ಸೀಸ ಹೋಯ್ತು. ಮಾಮೂಲಿ ಪೆಟ್ರೋಲು ಹಾಕಿದ್ರೆ ಇಂಜಿನ್ ಟಕಟಕ ಅಂತ ಬಡಿಯೋಕೆ ಶುರು. ಎಥೆನಾಲಿನ ಆಕ್ಟೇನ್ ನೂರರ ಮೇಲಿರೋದ್ರಿಂದ ಅಂಥ ಇಂಜಿನ್ನಿಗೆ ಅದು ಅಮೃತ ಇದ್ದಂಗೆ. ಅದಕ್ಕೇ ಅವರು ಕಾರ್ಬೊರೇಟರ್ ಬದಲಾಯಿಸಿ, ಜೆಟ್ ದೊಡ್ಡದು ಮಾಡಿ, ಪಂಪು, ಪೈಪು, ಸೀಲು ಎಲ್ಲಾ ಹೊಸದು ಹಾಕಿ ಓಡಿಸ್ತಾರೆ. ಇಂಧನ ಮೂವತ್ತು ಪರ್ಸೆಂಟಿನಷ್ಟು ಜಾಸ್ತಿ ಕುಡಿದ್ರೂ ಅವರಿಗೆ ಚಿಂತೆ ಇಲ್ಲ, ಭಾನುವಾರದ ಶೋಕಿ ಗಾಡಿ ಅದು. ಮುಖ್ಯವಾಗಿ, ಅಲ್ಲಿನ ಬಂಕಲ್ಲಿ ಪಂಪಿನ ಮೇಲೆ ಎಷ್ಟು ಪರ್ಸೆಂಟ್ ಎಥೆನಾಲ್ ಅಂತ ಚೀಟಿ ಇರುತ್ತೆ. ಬೇಕಾದೋನು 85ರದ್ದು ಹಾಕಿಸ್ತಾನೆ, ಬೇಡದೋನು ಪಕ್ಕದ ಪಂಪಿಗೆ ಹೋಗ್ತಾನೆ.

ಈಗ ನಮ್ಮ ಪೆಟ್ರೋಲ್ ಜೀಪು ನೋಡಿ. ವಿಲ್ಲಿಸ್ ವಿನ್ಯಾಸದ ಮಹೀಂದ್ರಾ ಜೀಪಿನ ಹರಿಕೇನ್ ಇಂಜಿನ್ನಿನ ಕಂಪ್ರೆಷನ್ ಸುಮಾರು ಏಳು. ಎಂಥಾ ಕಳಪೆ ಪೆಟ್ರೋಲು ಹಾಕಿದ್ರೂ ಓಡಲಿ ಅಂತ ಮಾಡಿದ್ದು. ಜಾಸ್ತಿ ಆಕ್ಟೇನ್ ಕೊಟ್ರೆ ಅದಕ್ಕೆ ಒಂದು ಪೈಸೆ ಉಪಯೋಗ ಇಲ್ಲ. ಎಥೆನಾಲಿನ ಒಳ್ಳೇ ಗುಣ ಇದಕ್ಕೆ ದಕ್ಕಲ್ಲ, ಕೆಟ್ಟ ಗುಣ ಪೂರ್ತಿ ದಕ್ಕುತ್ತೆ.

ಕೆಟ್ಟ ಗುಣ ಏನು? ಒಂದು ಲೀಟರ್ ಎಥೆನಾಲಲ್ಲಿ ಪೆಟ್ರೋಲಿಗಿಂತ ಶಕ್ತಿ ಮೂರನೇ ಒಂದು ಪಾಲು ಕಮ್ಮಿ. ಇಪ್ಪತ್ತು ಪರ್ಸೆಂಟ್ ಬೆರೆಸಿದ್ರೆ ಲೆಕ್ಕದ ಪ್ರಕಾರವೇ ಆರೇಳು ಪರ್ಸೆಂಟ್ ಶಕ್ತಿ ಹೋಯ್ತು. ಹೊಸ ಗಾಡಿಯ ಕಂಪ್ಯೂಟರು ಹೊಗೆ ನೋಡಿ ಪೆಟ್ರೋಲು ಹೆಚ್ಚು ಕಮ್ಮಿ ಮಾಡ್ಕೊಳ್ಳುತ್ತೆ. ನಮ್ಮ ಸೋಲೆಕ್ಸ್ ಕಾರ್ಬೊರೇಟರಿಗೆ ಆ ಬುದ್ಧಿ ಎಲ್ಲಿಂದ ಬರಬೇಕು? ಗಾಳಿ ಜಾಸ್ತಿ, ಇಂಧನ ಕಮ್ಮಿ ಆಗಿ ಸಂತವೇರಿ ಘಾಟಿ ಹತ್ತೋವಾಗ ಏದುಸಿರು ಬಿಡುತ್ತೆ, ಇಂಜಿನ್ ಬಿಸಿ ಆಗುತ್ತೆ. ಹಳೇ ರಬ್ಬರ್ ಪೈಪು ಉಬ್ಬಿ ಮೆತ್ತಗಾಗಿ ಬಿರುಕು ಬಿಡುತ್ತೆ. ಪಂಪಿನ ಡಯಾಫ್ರಾಮ್ ಕೂಡ ಅದೇ ಜಾತಿ.

ಇದೆಲ್ಲಕ್ಕಿಂತ ಕೆಮ್ಮಣ್ಣುಗುಂಡಿ ಬುಡದಲ್ಲಿರೋ ನಮಗೆ ದೊಡ್ಡ ಶತ್ರು ನೀರು. ಎಥೆನಾಲ್ ಗಾಳಿಯಲ್ಲಿರೋ ತೇವ ಎಳ್ಕೊಳ್ಳುತ್ತೆ. ಜೂನಿಂದ ಸೆಪ್ಟೆಂಬರ್ ತನಕ ಲಿಂಗದಹಳ್ಳಿಯಿಂದ ಮೇಲೆ ಒಗೆದ ಬಟ್ಟೆಯೇ ಒಣಗಲ್ಲ. ಅಂಥಾದ್ರಲ್ಲಿ ಅರ್ಧ ಖಾಲಿ ಟ್ಯಾಂಕಿಟ್ಕೊಂಡು ಜೀಪು ಒಂದು ತಿಂಗಳು ನಿಂತ್ರೆ? ನೀರು ಮಿತಿ ಮೀರಿದ್ರೆ ಎಥೆನಾಲೂ ನೀರೂ ಸೇರ್ಕೊಂಡು ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತೆ. ಇಂಜಿನ್ ಎಳೆಯೋದೇ ತಳದಿಂದ. ತುಕ್ಕು ಹಿಡಿಯೋದೂ ಅಲ್ಲಿಂದಲೇ.

ಟೂ ಸ್ಟ್ರೋಕ್ ಇರೋರಂತೂ ಇನ್ನೂ ಹುಷಾರಾಗಿರಬೇಕು. ಮೈಸೂರಿನ ಯೆಜ್ಡಿ, ರಾಜದೂತ್, ಹಳೇ ಟಿವಿಎಸ್, ಅವೆಲ್ಲ ಇರಲಿ, ಕಳೆ ಕೊಚ್ಚೋ ಯಂತ್ರ, ಔಷಧಿ ಹೊಡೆಯೋ ಯಂತ್ರ ಯಾರ ಮನೇಲಿ ಇಲ್ಲ? ಇವುಗಳಲ್ಲಿ ಇಂಜಿನ್ನಿಗೆ ಆಯಿಲ್ ಹೋಗೋದೇ ಪೆಟ್ರೋಲಿನ ಜೊತೆ. ತಳದಲ್ಲಿ ಕೂತ ನೀರು-ಎಥೆನಾಲಿಗೆ ಆಯಿಲ್ ಬೆರೆಯಲ್ಲ. ಅದನ್ನ ಎಳೆದ ಇಂಜಿನ್ ಆಯಿಲ್ ಇಲ್ಲದೆ ತಿರುಗಿ ಸೀಜ್ ಆಗುತ್ತೆ. ವರ್ಷದಲ್ಲಿ ಎಂಟು ತಿಂಗಳು ಮೂಲೇಲಿ ಕೂರೋ ಯಂತ್ರಗಳಿವು.

ಇದೆಲ್ಲ ಗೊತ್ತಿಲ್ಲದೆ ಆಗಿದ್ದಲ್ಲ. ನೀತಿ ಆಯೋಗದ ತಜ್ಞರ ಸಮಿತಿ 2021ರಲ್ಲೇ ವರದಿ ಕೊಟ್ಟಿದೆ. ಎಥೆನಾಲ್ ಇಲ್ಲದ ಪೆಟ್ರೋಲಿಗೆ ಅಂತ ಮಾಡಿ, 10 ಪರ್ಸೆಂಟಿಗೆ ಹೊಂದಿಸಿದ ನಾಲ್ಕು ಚಕ್ರದ ಗಾಡಿಗಳ ಮೈಲೇಜು ಇ20ಯಲ್ಲಿ 6ರಿಂದ 7 ಪರ್ಸೆಂಟ್, ಅಂಥಾದ್ದೇ ಬೈಕುಗಳದ್ದು 3ರಿಂದ 4 ಪರ್ಸೆಂಟ್ ಇಳಿಯುತ್ತೆ ಅಂತ ಅದರಲ್ಲೇ ಇದೆ. ಹಳೇ ಗಾಡಿಗಳ ರಕ್ಷಣೆಗೆ ಇ10 ಸಿಗೋ ಹಾಗೆ ಇಡಿ, ಮೈಲೇಜು ಕಮ್ಮಿ ಆಗೋದಕ್ಕೆ ಬೆಲೇನೂ ಕಮ್ಮಿ ಮಾಡಿ ಅನ್ನೋ ಸಲಹೆನೂ ಅಲ್ಲೇ ಇದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲೇ ಪ್ರಧಾನಿ ಇ20ಗೆ ಚಾಲನೆ ಕೊಟ್ರು. 2030ಕ್ಕೆ ಅಂತಿದ್ದ ಗುರಿಯನ್ನ 2025ಕ್ಕೇ ಮುಟ್ಟಿದ್ರು. ಗುರಿ ಐದು ವರ್ಷ ಮುಂಚೆ ಬಂತು. ಅದೇ ವರದಿಯಲ್ಲಿದ್ದ ರಕ್ಷಣೆಯ ಪೆಟ್ರೋಲೂ ಬರಲಿಲ್ಲ, ಕಮ್ಮಿ ಬೆಲೇನೂ ಬರಲಿಲ್ಲ.

ಕೇಳಿದ್ರೆ, ಎಥೆನಾಲೇ ಈಗ ಪೆಟ್ರೋಲಿಗಿಂತ ದುಬಾರಿ ಬೀಳ್ತಿದೆ ಅಂತ ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟಲ್ಲಿ ಹೇಳ್ತು. ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆ ಕೊಡಿ ಅಂತ ಹಾಕಿದ್ದ ಅರ್ಜಿಯನ್ನ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ತಳ್ಳಿಹಾಕ್ತು. ಕೋರ್ಟಿನ ತೀರ್ಪಿಗೆ ತಲೆ ಬಾಗಣ. ಆದರೆ ಲೆಕ್ಕ ಹಾಗೇ ಉಳೀತಲ್ಲ. ವರ್ಷಕ್ಕೆ 5000 ಕಿಲೋಮೀಟರ್ ಓಡೋ, ಲೀಟರಿಗೆ 10 ಕೊಡೋ ಜೀಪಿಗೆ 500 ಲೀಟರ್ ಬೇಕು. ಏಳು ಪರ್ಸೆಂಟ್ ಅಂದ್ರೆ 35 ಲೀಟರ್ ಹೆಚ್ಚುವರಿ. ಲೀಟರಿಗೆ ನೂರರ ಮೇಲಿರೋವಾಗ ಮೂರೂವರೆ ಸಾವಿರ ರೂಪಾಯಿ, ಪೈಪು-ಸೀಲಿನ ಖರ್ಚು ಬೇರೆ. ದೇಶದ ತೈಲ ಆಮದು ಕಮ್ಮಿ ಆಗಬೇಕು ಅನ್ನೋದು ಸರಿ. ಅದಕ್ಕೆ ಹಳೇ ಗಾಡಿಯವನ ಜೇಬಿಗೇ ಯಾಕೆ ಕೈ ಹಾಕಬೇಕು? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು.

"ಬ್ರೆಜಿಲ್ ನೋಡಿ ಕಲೀರಿ" ಅಂತಾರೆ. ಕಲಿಯಣ. ಅಲ್ಲಿ 2003ರಿಂದ ಎರಡೂ ಇಂಧನಕ್ಕೆ ಹೊಂದೋ ಗಾಡಿಗಳು ಬಂದಿವೆ. ಬಂಕಲ್ಲಿ ಪೆಟ್ರೋಲು ಬೇರೆ, ಬರೀ ಎಥೆನಾಲ್ ಬೇರೆ, ಬೆಲೇನೂ ಬೇರೆ. ಎಥೆನಾಲಿನ ಬೆಲೆ ಪೆಟ್ರೋಲಿನ 70 ಪರ್ಸೆಂಟಿಗಿಂತ ಕೆಳಗಿದ್ರೆ ಮಾತ್ರ ಜನ ಅದನ್ನ ಹಾಕಿಸ್ತಾರೆ, ಯಾಕಂದ್ರೆ ಮೈಲೇಜೂ ಅಷ್ಟೇ ಸಿಗೋದು. ಆ ಲೆಕ್ಕ ಹಾಕೋ ಅವಕಾಶ ನಮಗೆಲ್ಲಿದೆ? ನಮ್ಮ ಕಡೆ ಬಂಕಲ್ಲಿ ಇರೋದೇ ಒಂದು ಪೆಟ್ರೋಲು.

ಈಗ ರೈತನಿಗೆ ಲಾಭ ಅನ್ನೋ ಮಾತಿಗೆ ಬರಣ. ಒಂದು ಕ್ವಿಂಟಾಲ್ ಮೆಕ್ಕೆಜೋಳದಿಂದ ಸುಮಾರು 38 ಲೀಟರ್ ಎಥೆನಾಲ್ ಬರುತ್ತೆ. ಮೆಕ್ಕೆಜೋಳದ ಎಥೆನಾಲಿಗೆ ತೈಲ ಕಂಪನಿಗಳು ಕೊಡೋ ದರ ಲೀಟರಿಗೆ 71 ರೂಪಾಯಿ 86 ಪೈಸೆ. ಅಂದ್ರೆ ಕ್ವಿಂಟಾಲಿಗೆ 2700ರ ಮೇಲಾಯ್ತು, ಮಿಕ್ಕ ಹಿಂಡಿ ದನದ ಮೇವಿಗೆ ಮಾರಿದ್ದು ಬೇರೆ. ಕಾರ್ಖಾನೆಗೂ ಖರ್ಚಿದೆ, ಒಪ್ಪಣ. ಆದರೆ 2025ರ ನವೆಂಬರಲ್ಲಿ ಏನಾಯ್ತು? ಬೆಂಬಲ ಬೆಲೆ 2400 ಅಂತ ಕಾಗದದಲ್ಲಿತ್ತು, ಮಾರುಕಟ್ಟೇಲಿ 1600, 1800ಕ್ಕೆ ಕೇಳೋರು. ರೈತರು ರಸ್ತೆಗಿಳಿದ್ರು, ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದ್ರು. ದೇಶದ ಪೆಟ್ರೋಲಲ್ಲಿ ಎಥೆನಾಲ್ 20 ಪರ್ಸೆಂಟ್ ಮುಟ್ಟಿದ ವರ್ಷವೇ ಇದಾಗಿದ್ದು. ಎಥೆನಾಲಿನ ದರ ಒಂದು ಪೈಸೆ ಇಳೀಲಿಲ್ಲ, ನಮ್ಮ ಕಾಳಿನ ದರ ಕುಸೀತು. ನನ್ನ ಹೆಸರು ಹೇಳ್ಕೊಂಡು ನನ್ನ ಜೀಪಿಗೇ ಇಂಧನ ಹಾಕೋರು, ನನ್ನ ಕಾಳಿಗೂ ಬೆಲೆ ಕೊಟ್ಟಿದ್ರೆ ನಾನು ಜೆಟ್ ಬದಲಾಯಿಸ್ಕೊಂಡು ಸುಮ್ಮನಿರ್ತಿದ್ದೆ.

ಬದಲಿ ಇಂಧನ ಅನ್ನೋದು ನಮಗೆ ಹೊಸದೂ ಅಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೇ ಇದ್ದಾಗ ಮೈಸೂರು ಸೀಮೆಯಲ್ಲಿ ಬಸ್ಸುಗಳು ಇದ್ದಿಲಿನ ಗ್ಯಾಸಲ್ಲಿ ಓಡಿವೆ. ಬಸ್ಸಿನ ಹಿಂದೆ ಒಲೆ ಕಟ್ಟಿ, ಗಾಳಿ ತಿರುಗಿಸಿ, ಕೆಂಡ ಹೊತ್ತಿಸಿ ಹೊರಡೋದು. ಕೆಮ್ಮಣ್ಣುಗುಂಡಿಯ ಅದಿರನ್ನ ಭದ್ರಾವತಿಯಲ್ಲಿ 1923ರಿಂದ ಕರಗಿಸಿದ್ದೂ ನಮ್ಮ ಕಾಡಿನ ಇದ್ದಿಲಲ್ಲೇ. ಕಾಡಿಗೆ ಅದರಿಂದ ಆದ ನಷ್ಟ ದೊಡ್ಡದು, ಮತ್ತೆ ಅದು ಬೇಡ. ಆದರೆ ಹತ್ತಿರ ಸಿಗೋದನ್ನ ನೋಡ್ಕೊಂಡು ಅದಕ್ಕೆ ಇಂಜಿನ್ ಹೊಂದಿಸೋ ಬುದ್ಧಿ ಆಗ ಇತ್ತು.

ಇವತ್ತು ಹತ್ತಿರ ಸಿಗೋದು ಯಾವುದು? ಹೊಂಗೆ. ನಮ್ಮ ಹಳೇ ಜೀಪುಗಳಲ್ಲಿ, ಹೆಬ್ಬೆ ಜಲಪಾತಕ್ಕೆ ಜನ ಸಾಗಿಸೋ ಜೀಪುಗಳೂ ಸೇರಿ, ಹೆಚ್ಚಿನವು ಡೀಸೆಲ್. ಎಂಎಂ 540ರಂಥ ಗಾಡಿಗಳಲ್ಲಿ ಬಂದ ಪ್ಯೂಜೊ ವಿನ್ಯಾಸದ ಎಕ್ಸ್‌ಡಿಪಿ ಇಂಜಿನ್ನು ಪಕ್ಕದ ಪುಟ್ಟ ಕೋಣೆಯಲ್ಲಿ ಮೊದಲು ಉರಿ ಹತ್ತಿಸೋ ಜಾತಿ. ಈಗಿನ ಕಾಮನ್ ರೈಲ್ ಇಂಜಿನ್ನಿಗೆ ಹೋಲಿಸಿದ್ರೆ ಎಣ್ಣೆಯ ವಿಷಯದಲ್ಲಿ ಬಹಳ ಸಹನೆ ಇರೋದು. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಡೀಸೆಲ್ ಇಂಜಿನ್ನನ್ನ ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ರು. ನಮ್ಮಲ್ಲೂ 1990ರ ದಶಕದ ಕೊನೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ಹೊಲಕ್ಕೆ ನೀರು ಹರಿಸಿದ್ರು. ಹಾಸನದ ಮಡೆನೂರಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕೇ ಇದೆ. ರಾಜ್ಯ ಸರಕಾರ 'ಹಸಿರು ಹೊನ್ನು', 'ಬರಡು ಬಂಗಾರ' ಅಂತ ಯೋಜನೆ ಮಾಡಿ ಸಸಿ ಹಂಚಿಸ್ತು.

ಆಮೇಲೆ? 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯಲ್ಲಿ ಪೆಟ್ರೋಲಿಗೆ 20 ಪರ್ಸೆಂಟ್ ಎಥೆನಾಲ್, ಡೀಸೆಲ್‌ಗೆ 5 ಪರ್ಸೆಂಟ್ ಬಯೋಡೀಸೆಲ್ ಅಂತ ಎರಡೂ ಗುರಿ ಇತ್ತು. ಮೊದಲನೇದು ಮುಗೀತು. ಎರಡನೇದು ಒಂದು ಪರ್ಸೆಂಟೂ ಮುಟ್ಟಿಲ್ಲ. ಕಾರಣ ಹುಡುಕೋಕೆ ದೊಡ್ಡ ತಲೆ ಬೇಡ. ಎಥೆನಾಲಿಗೆ ದೊಡ್ಡ ಕಾರ್ಖಾನೆ ಬೇಕು, ಅದರ ಹಿಂದೆ ದೊಡ್ಡ ಕುಳಗಳಿರ್ತಾರೆ. ಹೊಂಗೆ ಬೀಜ ಬದುವಿನಲ್ಲಿ ಬೀಳುತ್ತೆ, ಆಯೋರು ಹೆಂಗಸರು, ಮಕ್ಕಳು. ಅವರ ಪರ ಡೆಲ್ಲಿಯಲ್ಲಿ ಮಾತಾಡೋರು ಯಾರು?

ಹೊಂಗೆಗೂ ತಾಪತ್ರಯ ಇದೆ, ಮುಚ್ಚಿಡಲ್ಲ. ಗಾಣದಲ್ಲಿ ಒಂದು ಲೀಟರ್ ಎಣ್ಣೆಗೆ ನಾಲ್ಕು ಕೆಜಿ ಬೀಜ ಬೇಕು. ಹಸಿ ಎಣ್ಣೆ ಡೀಸೆಲ್‌ಗಿಂತ ಬಹಳ ಮಂದ, ಡಿಸೆಂಬರ್ ಬೆಳಿಗ್ಗೆ ಬೆಟ್ಟದ ಮೇಲೆ ಇನ್ನೂ ಗಟ್ಟಿ. ನೇರ ಸುರಿದ್ರೆ ನಳಿಕೆ ಕಟ್ಟುತ್ತೆ. ಮೆಥೆನಾಲ್, ಕಾಸ್ಟಿಕ್ ಹಾಕಿ ಬಯೋಡೀಸೆಲ್ ಮಾಡಿ, ಡೀಸೆಲ್ ಜೊತೆ ಬೆರೆಸಿಯೇ ಓಡಿಸಬೇಕು. ಮೆಥೆನಾಲ್ ವಿಷ, ಮನೆ ಅಂಗಳದಲ್ಲಿ ಮಾಡೋ ಕೆಲಸ ಅಲ್ಲ. ಆದರೆ ಹೋಬಳಿಗೊಂದು ಗಾಣ, ತಾಲೂಕಿಗೊಂದು ಘಟಕ ಆಗೋ ಕೆಲಸ ಇದು. ಹಿಂಡಿ ನಮ್ಮ ಅಡಿಕೆ ತೋಟಕ್ಕೇ ಗೊಬ್ಬರ. ಹೊಲದ ಒಂದು ಅಡಿನೂ ಇದಕ್ಕೆ ಬಿಟ್ಟುಕೊಡಬೇಕಿಲ್ಲ.

ಹಂಗಾಗಿ ತರೀಕೆರೆ, ಕಡೂರು, ಅಜ್ಜಂಪುರದ ನಾವು ಕೇಳಬೇಕಾದ್ದು ಇವು. ತಾಲೂಕಿಗೆ ಒಂದು ಬಂಕಲ್ಲಾದ್ರೂ ಇ10 ಅಥವಾ ಅದಕ್ಕೂ ಕಮ್ಮಿ ಎಥೆನಾಲಿನ ಪೆಟ್ರೋಲ್ ಸಿಗಬೇಕು. ಪಂಪಿನ ಮೇಲೆ ಎಷ್ಟು ಪರ್ಸೆಂಟ್ ಅಂತ ಕನ್ನಡದಲ್ಲಿ ಬರೆದಿರಬೇಕು. ಎಥೆನಾಲ್ ಕಾರ್ಖಾನೆ ಮೆಕ್ಕೆಜೋಳವನ್ನ ಬೆಂಬಲ ಬೆಲೆಗಿಂತ ಕೆಳಗೆ ಕೊಳ್ಳಬಾರದು. ಹೊಂಗೆ ಬೀಜಕ್ಕೆ ಸೊಸೈಟಿಯಲ್ಲಿ ಖರೀದಿ ಆಗಬೇಕು. ಹಳೇ ಗಾಡಿನ ಗುಜರಿಗೆ ಹಾಕಿ ಅನ್ನೋ ಉಪದೇಶ ಬೇಡ. ಇಪ್ಪತ್ತು ವರ್ಷ ದಾಟಿದ ಜೀಪಿನ ನೋಂದಣಿ ನವೀಕರಣಕ್ಕೆ 2025ರಿಂದ 10000 ರೂಪಾಯಿ ತಗೊಳ್ತಾರಲ್ಲ, ಆ ದುಡ್ಡಿಗಾದ್ರೂ ಹೊಂದೋ ಪೆಟ್ರೋಲ್ ಕೊಡಲಿ.

ಅದು ಸಿಗೋ ತನಕ ಗಾಡಿ ಉಳಿಸ್ಕೊಳ್ಳೋಕೆ: ಪೆಟ್ರೋಲ್ ಪೈಪೆಲ್ಲ ತೆಗೆದು ಎಥೆನಾಲ್ ತಡೆಯೋ ಪೈಪ್ ಹಾಕಿಸಿ, ಅಂಗಡೀಲಿ 'ಜೆ30 ಆರ್9' ಅಂತ ಕೇಳಿ. ಮೇನ್ ಜೆಟ್ 120 ಇದ್ರೆ 125 ಹಾಕಿ ನೋಡಿ, ಪ್ಲಗ್ಗಿನ ಬಣ್ಣ ಬಿಳಿಯಿಂದ ಕಂದಿಗೆ ಬಂದ್ರೆ ಸರಿಯಾಯ್ತು ಅಂತ. ಮಳೆಗಾಲದಲ್ಲಿ ಟ್ಯಾಂಕ್ ತುಂಬಿಸಿಡಿ, ಖಾಲಿ ಜಾಗ ಇದ್ದಷ್ಟೂ ತೇವ. ಕಳೆ ಯಂತ್ರ ಎತ್ತಿಡೋ ಮುಂಚೆ ಟ್ಯಾಂಕ್ ಬರಿದು ಮಾಡಿ, ಇಂಜಿನ್ ತಾನಾಗೇ ನಿಲ್ಲೋ ತನಕ ಓಡಿಸಿ ಇಡಿ. ಹಳೇ ಮಿಕ್ಸು ಮತ್ತೆ ಹಾಕಬೇಡಿ.

ನಿಮ್ಮ ಗಾಡಿಯ ಮೈಲೇಜು ಎರಡು ವರ್ಷದ ಹಿಂದೆ ಎಷ್ಟಿತ್ತು, ಈಗೆಷ್ಟು ಅಂತ ಗಾಡಿ ಹೆಸರು, ವರ್ಷದ ಜೊತೆ ಬರೆದಿಡಿ. ಮುಂದಿನ ಸಲ ಶಾಸಕರು, ಸಂಸದರು ಊರಿಗೆ ಬಂದಾಗ ಬಾಯಿಮಾತು ಬೇಡ, ಆ ಪಟ್ಟಿನೇ ಅವರ ಕೈಗೆ ಕೊಡಣ. ಜೊತೆಗೆ ಮೆಕ್ಕೆಜೋಳ ಮಾರಿದ ಚೀಟಿನೂ ಇರಲಿ.