ಹೊಸ ತರಗತಿಗೆ ಮನೆಯ ಕೈಗೆಲಸ

ಬೇಸಗೆಯ ರಜೆ ಮುಗಿದು ಶಾಲೆಗಳು ಬಾಗಿಲು ತೆರೆಯುವ ಕಾಲ ಬಂದಿತೆಂದರೆ ಗೃಹಸ್ಥರ ಮನೆಗಳಲ್ಲಿ ಒಂದು ಬಗೆಯ ಸಂಭ್ರಮವೂ ಒಂದು ಬಗೆಯ ಚಿಂತೆಯೂ ಒಟ್ಟಿಗೆ ಪ್ರವೇಶಿಸುವುವು. ಪುಸ್ತಕ, ಚೀಲ, ಸಮವಸ್ತ್ರ ಇವುಗಳ ವೆಚ್ಚವು ಹೇಗೂ ಇದ್ದದ್ದೇ. ಇತ್ತೀಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಮತ್ತೊಂದು ಸೇರಿಕೊಂಡಿದೆ: ಮಗುವು ತರಗತಿಗೆಂದು ಒಂದು ‘ಮಾಡೆಲ್’ ಅಥವಾ ‘ಚಾರ್ಟ್’ ಮಾಡಿಕೊಂಡು ಬರಬೇಕೆಂಬ ಅಪ್ಪಣೆ. ಕಳೆದ ವರ್ಷ ನಮ್ಮ ನೆರೆಮನೆಯ ತಾಯಿಯೊಬ್ಬರು ರಾತ್ರಿ ಹನ್ನೊಂದು ಗಂಟೆಯ ತನಕ ಕುಳಿತು ಥರ್ಮೋಕೋಲಿನಲ್ಲಿ ಒಂದು ಮನೆಯನ್ನು ಕಟ್ಟುತ್ತಿದ್ದುದನ್ನು ನಾವು ಕಂಡೆವು. ಯಾರ ಹೆಸರಿನಲ್ಲಿ ಆ ಮನೆಯು ಶಾಲೆಗೆ ಹೋಗತಕ್ಕದ್ದೋ ಆ ಬಾಲಕಿಯು ಆಗ ಸುಖವಾಗಿ ನಿದ್ರಿಸುತ್ತಿದ್ದಳು. ಮರುದಿನ ಆ ಮನೆಗೆ ಒಳ್ಳೆಯ ಅಂಕ ಬಂದಿತು. ಅಂಕವು ಯಾರಿಗೆ ಬಂದಿತೆಂಬುದನ್ನು ವಾಚಕ ಮಹಾಶಯರೇ ನಿರ್ಣಯಿಸಬೇಕು.

ಆ ತಾಯಿಯನ್ನು ನಾವು ದೂಷಿಸುವವರಲ್ಲ. ಮಗುವು ನಾಲ್ಕು ಜನರ ಮುಂದೆ ತಲೆ ತಗ್ಗಿಸಬಾರದೆಂಬುದೇ ಆಕೆಯ ಉದ್ದೇಶ. ಆದರೆ ಶಾಲೆಗೆಂದು ಮಾಡುವ ವಸ್ತುವಿಗೆ ಎರಡು ಲಕ್ಷಣಗಳು ಅವಶ್ಯವೆಂದು ನಮ್ಮ ಅಭಿಪ್ರಾಯ. ಮೊದಲನೆಯದು, ಅದರಲ್ಲಿ ಮಗುವಿನ ಕೈ ಆಡಿರಬೇಕು. ಎರಡನೆಯದು, ಅದು ತರಗತಿಯಲ್ಲಿ ದಿನವೂ ಉಪಯೋಗಕ್ಕೆ ಬರಬೇಕು. ಕಪಾಟಿನ ಮೇಲೆ ಧೂಳು ಹಿಡಿಯುವ ಸುಂದರ ವಸ್ತುವಿಗಿಂತ, ಮಕ್ಕಳ ಕೈಯಲ್ಲಿ ಸವೆಯುವ ಸಾಧಾರಣ ವಸ್ತುವೇ ಮೇಲು. ಈ ಎರಡು ಲಕ್ಷಣಗಳಿಗೂ ಒಪ್ಪುವ, ಹೆಚ್ಚಿನ ಖರ್ಚಿಲ್ಲದ ಮೂರು ಕೈಗೆಲಸಗಳನ್ನು ಈ ತಿಂಗಳು ಹೇಳುತ್ತೇವೆ.

ಮೊದಲನೆಯದು ಕಡತ. ಈ ಶಬ್ದವನ್ನು ಕೇಳಿದೊಡನೆ ಇಂದಿನವರಿಗೆ ಸರಕಾರೀ ಕಚೇರಿಯ ಕಾಗದಗಳ ಕಟ್ಟು ನೆನಪಾಗುತ್ತದೆ. ಮೂಲದಲ್ಲಿ ಕಡತವೆಂದರೆ ಬಟ್ಟೆಯ ಪುಸ್ತಕ. ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲಪುಡಿಯನ್ನು ಕಲಸಿ, ದಪ್ಪ ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ವರ್ತಕರ ಲೆಕ್ಕವೂ ಮಠಗಳ ವ್ಯವಹಾರವೂ ಕನ್ನಡ ನಾಡಿನಲ್ಲಿ ಬಹುಕಾಲ ಇದರ ಮೇಲೆಯೇ ನಡೆದುವು. ಶೃಂಗೇರಿಯ ಮಠದ ಕಡತಗಳು ಚರಿತ್ರೆಯನ್ನು ಬರೆಯುವವರಿಗೆ ಇಂದಿಗೂ ಆಧಾರವಾಗಿವೆ.

ಮಕ್ಕಳಿಗೆಂದು ಇದನ್ನು ಮನೆಯಲ್ಲಿಯೇ ಮಾಡಬಹುದು. ಎರಡು ಹಿಡಿ ಹುಣಿಸೆಬೀಜವನ್ನು ಹುರಿದು, ರಾತ್ರಿಯೆಲ್ಲ ನೀರಿನಲ್ಲಿ ನೆನೆಯಿಟ್ಟು, ಕೆಂಪು ಸಿಪ್ಪೆಯನ್ನು ಸುಲಿದು, ಒಳಗಿನ ಬಿಳಿಯ ತಿರುಳನ್ನು ನುಣ್ಣಗೆ ರುಬ್ಬಬೇಕು. ಅದನ್ನು ನೀರಿನಲ್ಲಿ ಕದಡಿ, ಸಣ್ಣ ಉರಿಯ ಮೇಲೆ ಕೈಬಿಡದೆ ತಿರುವುತ್ತ ಗಟ್ಟಿ ಅಂಬಲಿಯ ಹದಕ್ಕೆ ಕಾಯಿಸತಕ್ಕದ್ದು. ಒಲೆಯ ಕೆಲಸವು ಹಿರಿಯರದು. ತೆಂಗಿನ ಕರಟದ ಇದ್ದಿಲನ್ನು ಕುಟ್ಟಿ, ತೆಳುಬಟ್ಟೆಯಲ್ಲಿ ಸೋಸಿ ಕೊಡುವ ಕೆಲಸವನ್ನು, ಮೂಗಿಗೆ ವಸ್ತ್ರ ಕಟ್ಟಿಸಿ, ಮಗುವಿಗೆ ಒಪ್ಪಿಸಬಹುದು. ಅಂಟು ಆರಿದ ಮೇಲೆ ಪುಡಿಯನ್ನು ಕಲಸಿ, ಒಂದು ಗೇಣು ಅಗಲ ಎರಡು ಮೊಳ ಉದ್ದದ ದಪ್ಪ ಹತ್ತಿಬಟ್ಟೆಯ ಎರಡು ಮಗ್ಗುಲಿಗೂ ಬಳಿದು, ನೆರಳಿನಲ್ಲಿ ಒಣಗಿಸಬೇಕು. ಒಣಗಿದ ಮೇಲೆ ಮತ್ತೆ ಬಳಿಯಬೇಕು. ಹೀಗೆ ಮೂರು ಸಲವಾದರೆ ಸಾಕು. ಕೊನೆಗೆ ಒಂದು ನುಣುಪಾದ ಹೊಳೆಗಲ್ಲಿನಿಂದ ಮಗುವೇ ಅದನ್ನು ಉಜ್ಜಲಿ. ಎಷ್ಟು ಉಜ್ಜಿದರೆ ಅಷ್ಟು ನಯ. ನಾಲ್ಕಾಗಿ ಮಡಚಿದರೆ ಗೇಣುದ್ದದ ನಾಲ್ಕು ಪುಟಗಳು ಒಂದು ಮಗ್ಗುಲಿಗೆ, ನಾಲ್ಕು ಮತ್ತೊಂದು ಮಗ್ಗುಲಿಗೆ. ಒಣಬಟ್ಟೆಯಿಂದ ಒರಸಿ ಮತ್ತೆ ಬರೆಯಬಹುದು. ನೀರು ಮಾತ್ರ ತಾಕಿಸಬಾರದು, ಅಂಟು ಬಿಡುತ್ತದೆ. ಬಣ್ಣ ಸವೆದರೆ ಮರುವರ್ಷ ಇನ್ನೊಮ್ಮೆ ಬಳಿದರಾಯಿತು. ಸ್ಲೇಟಿನಂತೆ ಇದು ಕೆಳಗೆ ಬಿದ್ದರೆ ಒಡೆಯುವುದಿಲ್ಲ, ಚೀಲದಲ್ಲಿ ಭಾರವೂ ಆಗುವುದಿಲ್ಲ.

ಎರಡನೆಯದು ಒತ್ತಕ್ಷರದ ಚೀಟಿಗಳು. ಪ್ರತಿಯೊಂದು ಮನೆಯಲ್ಲಿಯೂ ಹಳೆಯ ಲಗ್ನಪತ್ರಿಕೆಗಳು ಬಿದ್ದಿರುತ್ತವೆ. ಅವುಗಳ ಕಾಗದ ದಪ್ಪ, ಹಿಂಬದಿಯು ಹೆಚ್ಚಾಗಿ ಖಾಲಿ. ಅವನ್ನು ಸಮನಾದ ಚೌಕಗಳಾಗಿ ಕತ್ತರಿಸಿ, ನಮ್ಮ ವರ್ಣಮಾಲೆಯ 34 ವ್ಯಂಜನಗಳನ್ನು ಮಗುವಿನಿಂದಲೇ ದೊಡ್ಡದಾಗಿ ಬರೆಯಿಸಬೇಕು. ಅರ್ಧ ಎತ್ತರದ ಇನ್ನೊಂದು ರಾಶಿ ಚೀಟಿಗಳ ಮೇಲೆ ಅವುಗಳ ಒತ್ತುಗಳನ್ನು ಬರೆಯಿಸಬೇಕು. ಮೇಲೆ ‘ಕ’ವನ್ನಿಟ್ಟು ಕೆಳಗೆ ಅದರ ಒತ್ತನ್ನಿಟ್ಟರೆ ‘ಅಕ್ಕ’ನ ‘ಕ್ಕ’, ‘ಮ’ದ ಕೆಳಗೆ ಅದರ ಒತ್ತನ್ನಿಟ್ಟರೆ ‘ಅಮ್ಮ’ನ ‘ಮ್ಮ’. ಹೆಚ್ಚಿನ ಒತ್ತುಗಳು ತಲೆಕಟ್ಟನ್ನು ಕಳೆದುಕೊಂಡ ಮೂಲಾಕ್ಷರಗಳೇ ಆಗಿವೆ. ತ, ನ, ಮ, ಯ, ರ, ಲ ಎಂಬ ಆರರ ಒತ್ತುಗಳು ಮಾತ್ರ ಆಕೃತಿಯಲ್ಲಿ ಬೇರೆಯಾಗಿ ನಿಲ್ಲುತ್ತವೆ. ಈ ಭೇದವನ್ನು ಉಪಾಧ್ಯಾಯರು ಹತ್ತು ಸಲ ಬಾಯಲ್ಲಿ ಹೇಳುವುದಕ್ಕಿಂತ ಮಗುವು ಒಮ್ಮೆ ಚೀಟಿಗಳನ್ನು ಎರಡು ಗುಂಪಾಗಿ ವಿಂಗಡಿಸುವುದು ಮೇಲು. ಅರ್ಕಾವೊತ್ತಿಗೆ ಒಂದು ಪ್ರತ್ಯೇಕ ಚೀಟಿ ಇರಲಿ. ‘ಸೂರ್ಯ’ ಎಂಬಲ್ಲಿ ರೇಫೆಯು ಯಕಾರಕ್ಕೆ ಮೊದಲು ಕೇಳಿಸುತ್ತದೆ, ಬರೆಯುವಾಗ ಅದರ ಚಿಹ್ನೆಯು ಯಕಾರದ ಬಲಗಡೆಗೆ ಬರುತ್ತದೆ. ಕಿವಿಗೂ ಕಣ್ಣಿಗೂ ಇರುವ ಈ ವಿರೋಧವು ಮಕ್ಕಳನ್ನು ತಿಂಗಳುಗಟ್ಟಲೆ ಕಾಡುವುದುಂಟು. ಆ ಚೀಟಿಯನ್ನು ತನ್ನ ಕೈಯಿಂದಲೇ ಎತ್ತಿ ಬಲಗಡೆಗೆ ಇಟ್ಟ ಮಗುವು ಅದನ್ನು ಬೇಗ ಮರೆಯಲಾರದು.

ಮೂರನೆಯದು ಉಪಾಧ್ಯಾಯರಿಗೆ ಕಾಣಿಕೆ. ಸೆಪ್ಟೆಂಬರ್ 5ನೆಯ ದಿನವು 1962ರಿಂದ ನಮ್ಮ ದೇಶದಲ್ಲಿ ಶಿಕ್ಷಕರ ದಿನವಾಗಿದೆ. ಅದು ಡಾಕ್ಟರ್ ರಾಧಾಕೃಷ್ಣನ್ ಅವರ ಜನ್ಮದಿನ. ಅವರು 1918ರಿಂದ ಕೆಲವು ವರ್ಷ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರೆಂಬುದು ನಮಗೆ ಅಭಿಮಾನದ ವಿಷಯ. ಆ ದಿನ ಅಂಗಡಿಯಿಂದ ತಂದ ಹೊಳೆಯುವ ಕಾಣಿಕೆಗಳು ಮೇಜಿನ ಮೇಲೆ ರಾಶಿಯಾಗುತ್ತವೆ. ತರಲಾರದ ಮಗುವು ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿರುತ್ತದೆ. ಅದಕ್ಕಿಂತ, ಶಾಲೆಯ ಆರಂಭದಲ್ಲಿಯೇ ಕರಿಹಲಗೆ ಒರಸುವ ಒಂದು ಬಟ್ಟೆಯನ್ನು ಹೊಲಿದುಕೊಡುವುದು ಯೋಗ್ಯ. ಹಳೆಯ ಹತ್ತಿಸೀರೆ, ಪಂಚೆಗಳ ತುಂಡುಗಳನ್ನು ಅಂಗೈಯಗಲಕ್ಕೆ ಮಡಚಿ, ಏಳೆಂಟು ಪದರವಾಗಿಸಿ, ನಡುವೆ ಒಂದು ಕಂಬಳಿಯ ಚೂರನ್ನಿಟ್ಟು, ಉತ್ತರ ಕರ್ನಾಟಕದ ಅಜ್ಜಿಯರು ಕೌದಿ ಹೊಲಿಯುವ ರೀತಿಯಲ್ಲಿ ಸಾಲುಸಾಲಾಗಿ ದಾರ ಓಡಿಸಬೇಕು. ಎಂಟು ವರ್ಷದ ಮಗುವು, ಗಂಡಾಗಲಿ ಹೆಣ್ಣಾಗಲಿ, ಅಜ್ಜಿಯ ಪಕ್ಕದಲ್ಲಿ ಕುಳಿತು ಈ ಹೊಲಿಗೆಯನ್ನು ಹಾಕಬಲ್ಲದು. ಉಪಾಧ್ಯಾಯರು ಅದನ್ನು ದಿನಕ್ಕೆ ಹತ್ತು ಸಲ ಕೈಯಲ್ಲಿ ಹಿಡಿಯುತ್ತಾರೆ. ಇದಕ್ಕಿಂತ ದೊಡ್ಡ ಗೌರವ ಯಾವ ಕಾಣಿಕೆಗೆ ದೊರೆಯುತ್ತದೆ?

ಇಷ್ಟನ್ನು ತಾಯ್ತಂದೆಗಳಿಗೆ ಹೇಳಿದ ಮೇಲೆ ನಮ್ಮ ವೃತ್ತಿಬಾಂಧವರಿಗೂ ಒಂದು ಮಾತು ಹೇಳಬೇಕಾಗಿದೆ. ಅದಕ್ಕೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ಅಗತ್ಯ. ಮೂವತ್ತು ವರ್ಷಗಳ ಹಿಂದೆ ನಾವು ಒಂದು ಹಳ್ಳಿಯ ಶಾಲೆಯಲ್ಲಿ ಮೂರನೆಯ ತರಗತಿಗೆ ಪಾಠ ಹೇಳುತ್ತಿದ್ದಾಗ, ಒಬ್ಬ ಹುಡುಗನು ಒತ್ತಕ್ಷರಗಳ ಪಟ್ಟಿಯೊಂದನ್ನು ತಾನೇ ಬರೆದು ತಂದನು. ಸಿಮೆಂಟು ಚೀಲದ ಒಳಗಾಗದವನ್ನು ಬಿಡಿಸಿ, ಅದರ ಮೇಲೆ ಇದ್ದಿಲಿನಿಂದ ಬರೆದದ್ದು. ಸಾಲುಗಳು ಇಳಿಜಾರಾಗಿದ್ದುವು, ಅಂಚು ಹರಿದಿತ್ತು. ಅದನ್ನು ಗೋಡೆಗೆ ಅಂಟಿಸಿದೆವು. ಎರಡು ವಾರಗಳಲ್ಲಿ ಅಧಿಕಾರಿಗಳ ತನಿಖೆ ಬಂದಿತು. ಹಿಂದಿನ ಸಂಜೆ ನಾವು ಆ ಪಟ್ಟಿಯನ್ನು ಕಿತ್ತು ಬೀರುವಿನ ಹಿಂದೆ ಸೇರಿಸಿ, ಪೇಟೆಯಿಂದ ತಂದ ಅಚ್ಚಿನ ಪಟವನ್ನು ಅಲ್ಲಿ ತೂಗುಹಾಕಿದೆವು. ಅಧಿಕಾರಿಗಳು ಗೋಡೆಯ ಕಡೆಗೆ ನೋಡಲೇ ಇಲ್ಲ. ನೋಡಿದವನು ಆ ಹುಡುಗ ಒಬ್ಬನೇ. ಅವನು ಏನನ್ನೂ ಕೇಳಲಿಲ್ಲ. ಆದರೆ ಆ ವರ್ಷವೆಲ್ಲ ಅವನು ಮತ್ತೆ ಒಂದು ಚೂರು ಕಾಗದವನ್ನೂ ಮಾಡಿ ತರಲಿಲ್ಲ. ಬೇಸಗೆಯಲ್ಲಿ ಬೀರುವನ್ನು ಸರಿಸಿದಾಗ ಪಟ್ಟಿಯು ದೊರೆಯಿತು. ಕುಳಿತು ಓದಿದೆವು. ಸಾಲು ಸೊಟ್ಟಗಿದ್ದುದು ನಿಜ, ಅಕ್ಷರ ಒಂದೂ ತಪ್ಪಿರಲಿಲ್ಲ.

ನಮ್ಮ ರಾಜ್ಯದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯ ತರಗತಿಗಳಲ್ಲಿ ಒಂದು ಒಳ್ಳೆಯ ಏರ್ಪಾಡು ಉಂಟು. ಮಕ್ಕಳ ತಲೆಯ ಮೇಲ್ಗಡೆ ದಾರಗಳ ಚಪ್ಪರವನ್ನು ಕಟ್ಟಿ, ಅವರು ಮಾಡಿದ ಚಿತ್ರ, ಬರಹ, ಕೈಗೆಲಸಗಳನ್ನು ಅದಕ್ಕೆ ತೂಗುಹಾಕುತ್ತಾರೆ. ಎಲ್ಲ ತರಗತಿಗಳಲ್ಲಿಯೂ ಅಂತಹ ನಾಲ್ಕು ದಾರಗಳಾದರೂ ಇರಲೆಂದು ಉಪಾಧ್ಯಾಯರಲ್ಲಿ ನಮ್ಮ ಪ್ರಾರ್ಥನೆ. ಒಮ್ಮೆ ತೂಗಿದ್ದನ್ನು, ಯಾರೇ ನೋಡಲು ಬರಲಿ, ಮಗುವಿನ ಅರಿವಿಗೆ ತಾರದೆ ಇಳಿಸಬಾರದು.

ಗೃಹಿಣಿಯರಲ್ಲಿಯೂ ಒಂದು ಬೇಡಿಕೆ. ಈ ವರ್ಷ ‘ಮಾಡೆಲ್’ ತರಬೇಕೆಂಬ ಅಪ್ಪಣೆ ಬಂದರೆ, ತಾವು ಹತ್ತಿರ ಕುಳಿತಿರಿ, ಕತ್ತರಿಯ ಮೊನೆಯ ಮೇಲೆ ಕಣ್ಣಿಡಿರಿ, ಕೈಯನ್ನು ಮಾತ್ರ ಮಡಿಲಲ್ಲಿ ಇಟ್ಟುಕೊಳ್ಳಿರಿ. ಮಗುವಿನ ಗೆರೆಯು ಸೊಟ್ಟಗಾದರೆ ಸೊಟ್ಟಗೇ ಶಾಲೆಗೆ ಹೋಗಲಿ. ಅದು ಮಗುವಿನದೇ ಆಗಿರುತ್ತದೆ.