ದೂರಾನ್ವಯ: ಕಾವ್ಯದಲ್ಲಿ ದೋಷ, ಪ್ರೋಟೀನಿನಲ್ಲಿ ಪ್ರಾಣ

ಪ್ರೋಟೀನು ಎಂದರೇನೆಂದು ಪ್ರೌಢಶಾಲೆಯ ವಿದ್ಯಾರ್ಥಿಯನ್ನು ಕೇಳಿದರೆ ‘ಅಮೈನೋ ಆಮ್ಲಗಳ ಸರಪಳಿ’ ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಉತ್ತರ ತಪ್ಪಲ್ಲ, ಪರೀಕ್ಷೆಯಲ್ಲಿ ಅಂಕವೂ ದೊರೆಯುತ್ತದೆ. ಆದರೆ ‘ವಾಕ್ಯವೆಂದರೆ ಪದಗಳ ಸಾಲು’ ಎಂದಷ್ಟೇ ಅದು ಅಪೂರ್ಣ. ಪದಗಳನ್ನು ಸಾಲಾಗಿ ಇಟ್ಟ ಮಾತ್ರಕ್ಕೆ ವಾಕ್ಯವಾಗದು. ಅವುಗಳೊಳಗೆ ಅನ್ವಯ ಕೂಡಿಬಂದಾಗಲೇ ಅರ್ಥ ಹುಟ್ಟುತ್ತದೆ. ಅಂತೆಯೇ ಬಹುಪಾಲು ಪ್ರೋಟೀನುಗಳು, ತಮ್ಮ ಸರಪಳಿ ಮಡಿಚಿಕೊಂಡು ಅದರ ಘಟಕಗಳು ಪರಸ್ಪರ ಸೋಂಕಿದಾಗಲೇ ಕಾರ್ಯಕ್ಕೆ ಅರ್ಹವಾಗುತ್ತವೆ. ಈ ಸಂಪರ್ಕಗಳ ವಿಚಾರವನ್ನು ನಮ್ಮ ತರಗತಿಗಳಲ್ಲಿ ಹೇಳಬೇಕು, ಕನ್ನಡದಲ್ಲಿಯೇ ಹೇಳಬೇಕು, ಆ ಕಾರ್ಯದಲ್ಲಿ ಭಾಷಾಶಿಕ್ಷಕರಿಗೂ ಪಾಲಿರಬೇಕು ಎಂಬುದು ನನ್ನ ಅಭಿಪ್ರಾಯ. ವಿಜ್ಞಾನದ ಅಂಗಳಕ್ಕೆ ಪಂಡಿತನೇಕೆ ಬಂದನೆಂದು ಯಾರಾದರೂ ಕೇಳಿದರೆ, ಅನ್ವಯ ಹೇಳುವುದೇ ನಮ್ಮ ವೃತ್ತಿಯೆಂಬುದು ನನ್ನ ಸಮಾಧಾನ.

ಮೊದಲು ಪರಿಭಾಷೆಯನ್ನು ನೋಡೋಣ. ಎರಡು ಅಮೈನೋ ಆಮ್ಲಗಳು ಕೂಡುವಾಗ ನೀರಿನ ಒಂದು ಅಣು ಹೊರಬೀಳುತ್ತದೆ. ಲೋಪಸಂಧಿಯಲ್ಲಿ ಒಂದು ಸ್ವರ ಜಾರಿ ಪದಗಳು ಬೆಸೆದುಕೊಳ್ಳುವುದನ್ನು ಬಲ್ಲ ಬಾಲಕನಿಗೆ ಇದು ಹೊಸತೆನಿಸದು. ಹೀಗೆ ನೀರನ್ನು ಕಳೆದುಕೊಂಡು ಸರಪಳಿಯಲ್ಲಿ ಉಳಿದ ಭಾಗಕ್ಕೆ ‘ಶೇಷ’ವೆಂದು ಹೆಸರು. ಸಾಮಾನ್ಯವಾಗಿ 20 ಬಗೆಯ ಆಮ್ಲಗಳಿಂದ ಈ ಸರಪಳಿಗಳು ಆಗುತ್ತವೆ. ಸಾಲಿನಲ್ಲಿ ಅಕ್ಕಪಕ್ಕದಲ್ಲಿರುವ ಶೇಷಗಳು ಹೇಗೂ ಬಂಧಿತವಾಗಿರುತ್ತವೆ. ಕುತೂಹಲವಿರುವುದು ಸಾಲಿನಲ್ಲಿ ದೂರವಿದ್ದು, ಮಡಿಕೆಯಿಂದಾಗಿ ಹತ್ತಿರ ಬಂದ ಶೇಷಗಳ ವಿಷಯದಲ್ಲಿ.

ಕಾವ್ಯಮೀಮಾಂಸಕರು ದೂರಾನ್ವಯವನ್ನು ದೋಷವೆಂದು ಎಣಿಸಿದರು. ಕರ್ತೃಪದ ಒಂದೆಡೆ, ಕ್ರಿಯಾಪದ ಎಲ್ಲಿಯೋ ಇದ್ದರೆ ಓದುಗನಿಗೆ ಕ್ಲೇಶ. ಪ್ರೋಟೀನಿನಲ್ಲಿಯಾದರೋ ದೂರಾನ್ವಯವೇ ಪ್ರಾಣ. ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವವನ್ನು ನೋಡಿರಿ. ಹಸುವಿನ ಮೇದೋಜೀರಕ ಗ್ರಂಥಿಯಿಂದ ದೊರೆಯುವ ಈ ಪ್ರೋಟೀನಿನಲ್ಲಿ 124 ಶೇಷಗಳಿವೆ. ಅದರ 12ನೆಯ ಮತ್ತು 119ನೆಯ ಸ್ಥಾನಗಳಲ್ಲಿ ಹಿಸ್ಟಿಡಿನ್ ಎಂಬ ಶೇಷಗಳಿವೆ. ಸಾಲಿನಲ್ಲಿ ಇವುಗಳ ನಡುವೆ ನೂರಕ್ಕೂ ಮಿಕ್ಕ ಶೇಷಗಳ ಅಂತರ. ಮಡಿಚಿದ ರೂಪದಲ್ಲಿಯಾದರೋ ಅವು ಒಂದೇ ಸೀಳಿನಲ್ಲಿ ಎದುರುಬದುರಾಗಿ ನಿಂತು, ಆರ್‌ಎನ್‌ಎ ಎಳೆಯನ್ನು ಕತ್ತರಿಸುವ ಕಾರ್ಯದಲ್ಲಿ ಜೊತೆಯಾಗುತ್ತವೆ.

ಇದೇ ಕಿಣ್ವದಲ್ಲಿ ಸಿಸ್ಟೀನ್ ಶೇಷಗಳು 8. ಅವು 26–84, 40–95, 58–110, 65–72 ಎಂಬ 4 ಜೋಡಿಗಳಾಗಿ ಗಂಧಕದ ಬಂಧದಿಂದ ಕೂಡಿವೆ. ಎಂಟನ್ನು ಜೋಡಿಜೋಡಿಯಾಗಿ ಕಟ್ಟಲು 105 ಬಗೆಗಳುಂಟು, ಸರಿಯಾದುದು ಒಂದೇ. ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್ಸೆನ್ ಅವರು ಈ ಬಂಧಗಳನ್ನು ಬಿಡಿಸಿ, ಯೂರಿಯಾ ದ್ರಾವಣದಲ್ಲಿ ಸರಪಳಿಯ ಮಡಿಕೆಯನ್ನೆಲ್ಲ ಕಳಚಿದರು. ಕಿಣ್ವದ ಶಕ್ತಿ ಉಡುಗಿತು. ಯೂರಿಯಾವನ್ನು ತೆಗೆದು ಗಾಳಿಗೆ ಒಡ್ಡಿದಾಗ ಸರಪಳಿ ತಾನಾಗಿಯೇ ಮಡಿಚಿಕೊಂಡು, ಸರಿಯಾದ ಜೋಡಿಗಳನ್ನೇ ಕಂಡುಕೊಂಡು, ಶಕ್ತಿಯನ್ನು ಮರಳಿ ಪಡೆಯಿತು. ಯೂರಿಯಾ ಇರುವಾಗಲೇ ಬಂಧಗಳು ಕೂಡುವಂತೆ ಮಾಡಿದಾಗಲಾದರೋ ಜೋಡಿಗಳು ಅಡ್ಡಾದಿಡ್ಡಿಯಾಗಿ ಬೆಸೆದು ಶಕ್ತಿ ಬಹುಮಟ್ಟಿಗೆ ಬಾರದೆ ಹೋಯಿತು. ಅವೇ 124 ಶೇಷಗಳು, ಅದೇ ಕ್ರಮ; ಕೆಟ್ಟದ್ದು ಅನ್ವಯ ಮಾತ್ರ. ಈ ಸಂಶೋಧನೆಗಾಗಿ ಅವರು 1972ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಶಾಬ್ದಬೋಧಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ನಮ್ಮಲ್ಲಿ ಪಾಠ ಹೇಳುತ್ತೇವೆ. ಸಂಪರ್ಕಗಳನ್ನು ವಿವರಿಸಲು ಇವು ಒಳ್ಳೆಯ ಕೈದೀವಿಗೆ. ವಿಜ್ಞಾನಿಗಳು ಮೊದಲು ಸನ್ನಿಧಿಯನ್ನು ಅಳೆಯುತ್ತಾರೆ. ಅವರ ಮಾನ ಆಂಗ್‌ಸ್ಟ್ರಾಮ್, ಅಂದರೆ ಮಿಲಿಮೀಟರಿನ ಕೋಟಿಯಲ್ಲಿ ಒಂದು ಭಾಗ. ಎರಡು ಶೇಷಗಳ ನಿರ್ದಿಷ್ಟ ಇಂಗಾಲದ ಪರಮಾಣುಗಳು 8 ಆಂಗ್‌ಸ್ಟ್ರಾಮಿಗಿಂತ ಹತ್ತಿರವಿದ್ದರೆ ಸಂಪರ್ಕವೆಂದು ಎಣಿಸುವುದು ರೂಢಿಯಲ್ಲಿರುವ ಒಂದು ಕ್ರಮ. ಆದರೆ ಸನ್ನಿಧಿಯೊಂದೇ ಸಾಲದು. ‘ಬೆಂಕಿಯಿಂದ ತೋಯಿಸು’ ಎಂಬಲ್ಲಿ ಪದಗಳು ಹತ್ತಿರವಿದ್ದರೂ ಯೋಗ್ಯತೆಯಿಲ್ಲ. ಹಾಗೆಯೇ ಧನ ವಿದ್ಯುದಂಶದ ಲೈಸಿನ್‌ಗೆ ಋಣಾಂಶದ ಆಸ್ಪಾರ್ಟಿಕ್ ಆಮ್ಲ ಯೋಗ್ಯ ಜೊತೆ. ಇನ್ನೊಂದು ಲೈಸಿನ್ ಅಲ್ಲ. ಎಣ್ಣೆಯ ಸ್ವಭಾವದ ಲ್ಯೂಸಿನ್, ವ್ಯಾಲಿನ್‌ಗಳು ನೀರಿನಿಂದ ಮರೆಯಾಗಿ ಒಳಗಡೆ ಗುಂಪುಗೂಡುತ್ತವೆ. ಒಳಗೆ ಹುದುಗಿದ ಜಲಜನಕದ ದಾನಿಯೊಂದು ಸುಮಾರು 3 ಆಂಗ್‌ಸ್ಟ್ರಾಮ್ ದೂರದಲ್ಲಿ ಗ್ರಾಹಿಯೊಂದನ್ನು ಬಯಸುತ್ತದೆ, ಇದನ್ನು ಆಕಾಂಕ್ಷೆಯೆನ್ನಬಹುದು.

ಕೂಡಬೇಕಾದುದರ ಜೊತೆಗೆ ಕೂಡಬಾರದುದರ ನಿಯಮವೂ ಉಂಟು. ಇದನ್ನು ತೋರಿಸಿಕೊಟ್ಟವರು ನಮ್ಮ ದೇಶದವರೇ ಆದ ಜಿ. ಎನ್. ರಾಮಚಂದ್ರನ್. ಪರಮಾಣುಗಳು ಒಂದು ಮಿತಿಯನ್ನು ಮೀರಿ ಸಮೀಪಿಸಲಾರವೆಂಬ ಒಂದೇ ಸೂತ್ರದಿಂದ, ಸರಪಳಿಯ ಯಾವ ತಿರುವುಗಳು ಸಾಧ್ಯ, ಯಾವುವು ಅಸಾಧ್ಯ ಎಂಬ ನಕ್ಷೆಯನ್ನು ಅವರು ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ 1963ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಮುಂದೆ 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದವರೂ ಅವರೇ. ಪ್ರೋಟೀನಿನ ಹೊಸ ರಚನೆಯೊಂದನ್ನು ಕಂಡವರು ಅದು ಶುದ್ಧವೋ ಅಲ್ಲವೋ ಎಂದು ಇಂದಿಗೂ ಆ ನಕ್ಷೆಯಿಂದ ಪರೀಕ್ಷಿಸುತ್ತಾರೆ. ಬೆಂಗಳೂರಿನ ಹೆಸರನ್ನು ಹೊತ್ತ ಈ ವಿದ್ಯೆಯನ್ನು ಕನ್ನಡದ ಮಕ್ಕಳಿಗೆ ಕನ್ನಡದಲ್ಲಿ ತಿಳಿಸುವವರು ವಿರಳರೆಂಬುದು ವಿಷಾದದ ಸಂಗತಿ.

ಇದು ಬರಿಯ ಬುದ್ಧಿವಿಲಾಸವಲ್ಲ. ರಕ್ತದ ಹಿಮೋಗ್ಲೋಬಿನ್ನಿನಲ್ಲಿ ಬೀಟಾ ಎಂಬ ಸರಪಳಿಯಲ್ಲಿ 146 ಶೇಷಗಳಿವೆ. ಅದರ 6ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲಕ್ಕೆ ಬದಲಾಗಿ ವ್ಯಾಲಿನ್ ಬಂದರೆ ಕುಡುಗೋಲು ಕಣ ರೋಗಕ್ಕೆ ಕಾರಣವಾಗುತ್ತದೆಂದು ವರ್ನನ್ ಇನ್‌ಗ್ರಾಮ್ 1957ರಲ್ಲಿ ತೋರಿಸಿದರು. ಒಂದು ಶೇಷ ಬದಲಾದರೆ ಅಷ್ಟು ಅನರ್ಥವೇಕೆ? ಎಣ್ಣೆಯ ಗುಣದ ಆ ವ್ಯಾಲಿನ್, ಆಮ್ಲಜನಕವನ್ನು ಬಿಟ್ಟುಕೊಟ್ಟ ಸ್ಥಿತಿಯಲ್ಲಿ, ನೆರೆಯ ಹಿಮೋಗ್ಲೋಬಿನ್ನಿನ 85 ಮತ್ತು 88ನೆಯ ಶೇಷಗಳ ಬಳಿಯ ಕುಳಿಯಲ್ಲಿ ಸೇರಿಕೊಳ್ಳುತ್ತದೆ. ಆಗಬಾರದ ಈ ಸಂಪರ್ಕದಿಂದ ಅಣುಗಳು ನೂಲಿನಂತೆ ಹೆಣೆದುಕೊಂಡು ರಕ್ತಕಣವನ್ನು ಬಾಗಿಸುತ್ತವೆ. ನಮ್ಮ ಚಾಮರಾಜನಗರ, ಮೈಸೂರು, ಕೊಡಗು ಭಾಗಗಳ ಕಾಡಂಚಿನ ಬುಡಕಟ್ಟು ಜನರಲ್ಲಿ ಈ ರೋಗವಿದೆ. 2023ರಲ್ಲಿ ಭಾರತ ಸರ್ಕಾರ ಇದರ ನಿರ್ಮೂಲನೆಗೆ ರಾಷ್ಟ್ರೀಯ ಅಭಿಯಾನವನ್ನೇ ಆರಂಭಿಸಿತು. ಆ ಮನೆಗಳಿಂದ ಬರುವ ಬಾಲಕಿಗೆ ತನ್ನ ನೋವಿನ ಕಾರಣವನ್ನು ತಿಳಿಯಲು ತನ್ನ ನಾಡಿನ ಭಾಷೆಯಲ್ಲಿ ನಾಲ್ಕು ಸ್ಪಷ್ಟ ವಾಕ್ಯಗಳು ದೊರೆಯಬಾರದೆ?

ಯಂತ್ರಗಳೇ ಇದನ್ನೆಲ್ಲ ಮಾಡುವಾಗ ಕಲಿಯುವ ಶ್ರಮವೇಕೆಂದು ಕೇಳುವವರಿದ್ದಾರೆ. 2020ರಲ್ಲಿ ಆಲ್ಫಾಫೋಲ್ಡ್ ಎಂಬ ಗಣಕ ವಿಧಾನ ಶೇಷಗಳ ಸಾಲಿನಿಂದಲೇ ಅನೇಕ ಪ್ರೋಟೀನುಗಳ ಆಕಾರವನ್ನು ಪ್ರಯೋಗಕ್ಕೆ ಸಮೀಪವಾಗಿ ಊಹಿಸಿತು. ಅದರ ನಿರ್ಮಾತೃಗಳಾದ ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ 2024ರ ನೊಬೆಲ್ ಪಾರಿತೋಷಕದ ಅರ್ಧ ಭಾಗ ಸಂದಿತು. ಆದರೆ ಈ ಊಹೆಗೆ ಆಧಾರವೇನು? ಒಂದು, ಪ್ರಯೋಗದಿಂದ ಕಂಡ ರಚನೆಗಳನ್ನು 1971ರಿಂದ ಒಟ್ಟುಗೂಡಿಸಿದ ಪ್ರೋಟೀನ್ ದತ್ತಭಂಡಾರ. ಎರಡು, ಒಂದೇ ಪ್ರೋಟೀನಿನ ಸಾಲುಗಳನ್ನು ಅನೇಕ ಜೀವಿಗಳಿಂದ ತಂದು ಹೋಲಿಸುವ ಕ್ರಮ. ಗ್ರಂಥಸಂಪಾದಕರಿಗೆ ಈ ಕ್ರಮ ಪರಿಚಿತವೇ. ಓಲೆಪ್ರತಿಗಳ ಪಾಠಾಂತರಗಳನ್ನು ನೋಡುವಾಗ, ಕರ್ತೃವಿನ ಲಿಂಗ ಬದಲಾದಲ್ಲೆಲ್ಲ ದೂರದ ಕ್ರಿಯಾಪದವೂ ಬದಲಾಗಿದ್ದರೆ ಅವೆರಡಕ್ಕೂ ಅನ್ವಯವಿದೆಯೆಂದು ತಿಳಿಯುತ್ತೇವೆ. ಎರಡು ಸ್ಥಾನಗಳು ಜೀವಿಯಿಂದ ಜೀವಿಗೆ ಜೊತೆಜೊತೆಯಾಗಿ ಬದಲಾಗುತ್ತಿದ್ದರೆ ಅವು ಸಂಪರ್ಕದಲ್ಲಿರಬಹುದೆಂದು ವಿಜ್ಞಾನಿಗಳೂ ಊಹಿಸುತ್ತಾರೆ. ಯಂತ್ರ ಉತ್ತರವನ್ನು ಕೊಡಬಲ್ಲದು. ಉತ್ತರ ಏಕೆ ಸರಿಯೆಂದು ವಿವೇಚಿಸುವವನು ಮನುಷ್ಯನೇ ಆಗಬೇಕು.

ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯ. ಹೋಲಿಕೆ ಕಂಡೊಡನೆ ‘ಇದೆಲ್ಲ ನಮ್ಮ ಪೂರ್ವಿಕರಿಗೆ ಗೊತ್ತಿತ್ತು’ ಎಂದು ಹೆಮ್ಮೆಪಡುವ ಚಪಲ ನಮ್ಮಲ್ಲಿ ಹಲವರಿಗಿದೆ. ಗೊತ್ತಿರಲಿಲ್ಲ. ಶಾಸ್ತ್ರಕಾರರು ಶಬ್ದಾರ್ಥವನ್ನು ವಿಚಾರಿಸಿದರೇ ಹೊರತು ಪ್ರೋಟೀನನ್ನಲ್ಲ. ಶೇಷಗಳಿಗೆ ಇಚ್ಛೆಯೂ ಇಲ್ಲ, ವಿವಕ್ಷೆಯೂ ಇಲ್ಲ. ಶಾಸ್ತ್ರ ನಮಗೆ ಕೊಟ್ಟಿರುವುದು ಸಂಬಂಧಗಳನ್ನು ನೋಡುವ ಶಿಸ್ತನ್ನು. ಅದನ್ನು ಹೊಸ ವಿಷಯಕ್ಕೆ ಬಳಸುವುದೇ ಪೂರ್ವಿಕರಿಗೆ ಸಲ್ಲಿಸುವ ಯೋಗ್ಯವಾದ ಗೌರವ.

ಕೊನೆಗೆ ಒಂದು ಸೂಚನೆ. ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. 124 ಮಣಿಗಳನ್ನು ದಾರದಲ್ಲಿ ಪೋಣಿಸಿ, ಮೇಲೆ ಹೇಳಿದ ನಾಲ್ಕು ಜೋಡಿಗಳನ್ನು ತಂತಿಯಿಂದ ಕಟ್ಟಿಸಿ, 12ನೆಯದನ್ನೂ 119ನೆಯದನ್ನೂ ಹತ್ತಿರ ತರಲು ಮಕ್ಕಳಿಗೆ ಹೇಳಲಿ. ಚೌಕಳಿಯ ಕಾಗದದಲ್ಲಿ ಅಡ್ಡಕ್ಕೂ ಉದ್ದಕ್ಕೂ 1ರಿಂದ 124ರವರೆಗೆ ಗುರುತಿಸಿ, ಹತ್ತಿರ ಬಂದ ಪ್ರತಿಯೊಂದು ಜೋಡಿಗೂ ಒಂದು ಚುಕ್ಕೆ ಇಡಿಸಲಿ. ಅದೇ ಸಂಪರ್ಕಪಟ. ವಿಜ್ಞಾನದ ಶಿಕ್ಷಕರು ಶೇಷಗಳ ಗುಣವನ್ನು ಹೇಳಲಿ. ಕನ್ನಡದ ಶಿಕ್ಷಕರು ಪಕ್ಕದಲ್ಲಿ ನಿಂತು ಒಂದು ದೀರ್ಘವಾಕ್ಯದ ಅನ್ವಯವನ್ನು ಬಿಡಿಸಿ ತೋರಿಸಲಿ. ವರ್ಷಕ್ಕೆ ಇಂಥ ಎರಡು ಅವಧಿಗಳು ಸಾಕು. ದಾನಿಗಳು ಕಟ್ಟಡಗಳಿಗೆ ಉದಾರವಾಗಿ ನೀಡುತ್ತಿದ್ದಾರೆ. ಅದರ ಸಣ್ಣ ಅಂಶವೊಂದು ಇಂಥ ಪಾಠಗಳನ್ನು ಕನ್ನಡದಲ್ಲಿ ಬರೆಯಿಸಿ ಅಚ್ಚು ಹಾಕಿಸಲು ಸಂದರೆ, ಅದು ಮುಂದಿನ ಪೀಳಿಗೆಯ ಕೈಯಲ್ಲಿ ಬೆಳೆಯುವ ಧನವಾದೀತು.